ಗುಂಡೇಟು: ಗಾಯದ ಪಾಠ, ತಡೆಯ ಪಾಠ

ಗುಂಡೇಟಿನ ಗಾಯವನ್ನೂ ಅದನ್ನು ತಡೆಯುವ ಬಗೆಯನ್ನೂ ವೈದ್ಯರು, ನರ್ಸ್‌ಗಳು, ವೈದ್ಯ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಎಂಟನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮತ್ತು ಮನೋವೈದ್ಯಕೀಯ ಬೋಧಿಸುವವರು ಒಟ್ಟಾಗಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮಲ್ಲಿ ಗುಂಡೇಟಿನ ಬಗ್ಗೆ ಇರುವುದು ಒಂದೇ ತರಗತಿ. ಅದೂ ನ್ಯಾಯವೈದ್ಯಶಾಸ್ತ್ರದಲ್ಲಿ, ಗುಂಡು ಒಳಹೊಕ್ಕ ಗಾಯ ಮತ್ತು ಹೊರಬಿದ್ದ ಗಾಯದ ವ್ಯತ್ಯಾಸ ಹೇಳಿ ಮುಗಿಯುತ್ತದೆ. ಅರ್ಧ ದಿನ ಸಿಕ್ಕರೆ ಏನೇನು ಸೇರಿಸಬಹುದು?
– ಶಸ್ತ್ರಚಿಕಿತ್ಸಾ ವಿಭಾಗದ ಬೋಧಕರು

ಉತ್ತರ: ಅರ್ಧ ದಿನ ಎಂದರೆ 4 ಗಂಟೆ ಎಂದಿಟ್ಟುಕೊಳ್ಳೋಣ. ಉಪನ್ಯಾಸಕ್ಕೆ ಅದರಲ್ಲಿ 45 ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಒಂದೂಕಾಲು ಗಂಟೆ ರಕ್ತಸ್ರಾವ ನಿಲ್ಲಿಸುವ ಕೈಕೆಲಸಕ್ಕಿರಲಿ. ಇನ್ನೊಂದೂಕಾಲು ಗಂಟೆಯಲ್ಲಿ ರೋಗಿಯೊಡನೆ ಮಾತಾಡುವುದನ್ನು ಅಭ್ಯಾಸ ಮಾಡಿಸಿ. ಉಳಿದ 45 ನಿಮಿಷ ಸಾಕ್ಷ್ಯ, ದಾಖಲೆ, ಕಾನೂನು, ಪ್ರಶ್ನೋತ್ತರಕ್ಕೆ ಸಾಲುತ್ತದೆ.

ಮಾತಿಗೆ ಕೈಕೆಲಸದಷ್ಟೇ ಸಮಯ ಏಕೆ ಎಂದು ಸಹೋದ್ಯೋಗಿಗಳು ಕೇಳಿದರೆ ಅಮೆರಿಕದ 2021ರ ಲೆಕ್ಕವನ್ನು ಮುಂದಿಡಿ. ಆ ವರ್ಷ ಅಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ, ಅವರಲ್ಲಿ 26,328 ಆತ್ಮಹತ್ಯೆಗಳು. ಅರ್ಧಕ್ಕಿಂತ ಹೆಚ್ಚು. ಬೀದಿಯ ಗುಂಡಿನ ದಾಳಿಯನ್ನೇ ಕಣ್ಮುಂದಿಟ್ಟುಕೊಂಡು ಕಲಿತ ವೈದ್ಯನಿಗೆ ಈ ಅರ್ಧ ಭಾಗ ಕಾಣುವುದೇ ಇಲ್ಲ. ಬಂದೂಕಿನಿಂದ ನಡೆದ ಆತ್ಮಹತ್ಯಾ ಪ್ರಯತ್ನಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಸಾವಿನಲ್ಲೇ ಕೊನೆಯಾಗುತ್ತವೆ. ಅಂಥವರು ಶಸ್ತ್ರಚಿಕಿತ್ಸಾ ಕೊಠಡಿಯವರೆಗೆ ಬರುವುದೇ ಅಪರೂಪ. ಅವರನ್ನು ಉಳಿಸಲು ವೈದ್ಯನಿಗೆ ಸಿಗುವ ಅವಕಾಶ ಅದಕ್ಕೆ ಮೊದಲು, ಹೊರರೋಗಿ ವಿಭಾಗದಲ್ಲಿ, ನಿದ್ದೆ ಬರುತ್ತಿಲ್ಲ ಎಂದೋ ಬದುಕು ಸಾಕಾಗಿದೆ ಎಂದೋ ಹೇಳಿಕೊಂಡು ಅವರು ಎದುರು ಕೂತ ದಿನ. ಆದ್ದರಿಂದ ಗಾಯದ ಪಾಠವನ್ನೂ ತಡೆಯ ಪಾಠವನ್ನೂ ಬೇರೆ ಬೇರೆ ವಿಭಾಗಗಳಿಗೆ ಹಂಚಬೇಡಿ. ಒಂದೇ ದಿನ, ಒಂದೇ ಕೋಣೆಯಲ್ಲಿ ನಡೆಯಲಿ, ಸರ್ಜನ್ ಮತ್ತು ಮನೋವೈದ್ಯರು ಇಬ್ಬರೂ ಅಲ್ಲಿರಲಿ. ಹಂಚಿದರೆ ಎರಡನೆಯದನ್ನು ಐಚ್ಛಿಕ ಎಂದು ಕೈಬಿಡುವುದು ಖಂಡಿತ.

ಪ್ರಶ್ನೆ: ಚರ್ಮದ ಮೇಲೆ ಬೆರಳು ತೂರದಷ್ಟು ಸಣ್ಣ ತೂತು, ಒಳಗೆ ನೋಡಿದರೆ ಲಿವರ್ ಛಿದ್ರ. ವೇಗವೊಂದೇ ಇದಕ್ಕೆ ಕಾರಣವೇ?
– ಹೌಸ್ ಸರ್ಜನ್

ಉತ್ತರ: ವೇಗದ ಪಾತ್ರ ದೊಡ್ಡದು. ಅದೊಂದೇ ಅಲ್ಲ. ಗುಂಡಿನ ಚಲನಶಕ್ತಿ ಅದರ ತೂಕದ ಜತೆ ನೇರವಾಗಿ ಏರುತ್ತದೆ, ವೇಗದ ಜತೆ ಅದರ ವರ್ಗದಷ್ಟು ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಪಿಸ್ತೂಲಿನ ಗುಂಡು ಸಾಮಾನ್ಯವಾಗಿ ಸೆಕೆಂಡಿಗೆ 250ರಿಂದ 400 ಮೀಟರ್ ವೇಗದಲ್ಲಿ ಹೊರಡುತ್ತದೆ, ರೈಫಲ್‌ನದು 700ರಿಂದ 1,000 ಮೀಟರ್. ಆದರೆ ಗಾಯ ಮಾಡುವುದು ಗುಂಡು ಹೊತ್ತು ತಂದ ಶಕ್ತಿಯಲ್ಲ, ದೇಹದೊಳಗೆ ಬಿಟ್ಟುಹೋದ ಶಕ್ತಿ. ನೇರವಾಗಿ ತೂರಿಹೋದ ಗುಂಡು ಕಡಿಮೆ ಬಿಡುತ್ತದೆ. ಒಳಗೆ ಹೊರಳಿದ್ದು, ಮೂತಿ ಅರಳಿದ್ದು, ಚೂರಾದದ್ದು ಹೆಚ್ಚು ಬಿಡುತ್ತದೆ.

ಗುಂಡು ಜಜ್ಜಿಕೊಂಡು ಹೋದ ದಾರಿ ಶಾಶ್ವತ ಕುಹರ. ಅದರ ಸುತ್ತ ಅಂಗಾಂಶ ಕೆಲವು ಮಿಲಿಸೆಕೆಂಡ್ ಹೊರಗೆ ಹಿಗ್ಗಿ ಮತ್ತೆ ಕುಸಿಯುವುದು ತಾತ್ಕಾಲಿಕ ಕುಹರ. ಶ್ವಾಸಕೋಶ ಹಗುರ, ಹಿಗ್ಗಿದರೆ ಮತ್ತೆ ಸೇರಿಕೊಳ್ಳುತ್ತದೆ. ಲಿವರ್‌ಗೆ ಆ ಗುಣವಿಲ್ಲ, ಸೀಳುತ್ತದೆ. ತಲೆಬುರುಡೆಯೊಳಗಿನ ಮಿದುಳಿಗೆ ಹಿಗ್ಗಲು ಜಾಗವೇ ಇಲ್ಲ. ಆದ್ದರಿಂದ ತೂತಿನ ಅಳತೆ ನೋಡಿ ಒಳಗಿನ ಹಾನಿಯನ್ನು ಅಂದಾಜಿಸಬೇಡಿ. ಹೊಕ್ಕ ತೂತನ್ನೂ ಹೊರಟ ತೂತನ್ನೂ ಸರಳರೇಖೆಯಲ್ಲಿ ಜೋಡಿಸಿ ದಾರಿ ಊಹಿಸುವುದೂ ಅಪಾಯ. ಗುಂಡು ತಾಗಿದಾಗ ಆ ವ್ಯಕ್ತಿ ಬಗ್ಗಿದ್ದಿರಬಹುದು, ಎಲುಬಿಗೆ ತಗುಲಿ ಗುಂಡು ದಿಕ್ಕು ಬದಲಿಸಿರಬಹುದು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ರೂಢಿ ಮಾಡಿಸಿ: ಮೈಮೇಲಿನ ತೂತುಗಳ ಸಂಖ್ಯೆಗೆ ಎಕ್ಸ್-ರೇಯಲ್ಲಿ ಕಂಡ ಗುಂಡುಗಳ ಸಂಖ್ಯೆ ಕೂಡಿದರೆ ಸಮಸಂಖ್ಯೆ ಬರಬೇಕು. ಬೆಸ ಬಂದರೆ ಒಂದು ತೂತನ್ನೋ ಗುಂಡನ್ನೋ ನೋಡಿಲ್ಲ ಎಂದು ತಿಳಿದು ಹುಡುಕಾಟ ಮುಂದುವರಿಸಿ. ಕಂಕುಳು, ತೊಡೆಸಂದು, ಪೃಷ್ಠದ ಮಡಿಕೆ, ಕೂದಲಿನ ಅಡಿ, ಬಾಯೊಳಗೆ, ಬೆನ್ನು – ತಪ್ಪಿಹೋಗುವುದು ಇಲ್ಲೇ. ಎಕ್ಸ್-ರೇ ತೆಗೆಯುವ ಮುನ್ನ ಪ್ರತಿ ತೂತಿನ ಪಕ್ಕ ಒಂದು ಪೇಪರ್ ಕ್ಲಿಪ್ ಅಂಟಿಸಿ. ಮುಂಭಾಗಕ್ಕೆ ಇದ್ದ ಹಾಗೇ, ಬೆನ್ನಿನ ಕಡೆಗೆ ಬಿಡಿಸಿದ ಕ್ಲಿಪ್. ಒಂದೇ ಚಿತ್ರದಲ್ಲಿ ಎಲ್ಲವೂ ಓದಲು ಬರುತ್ತದೆ. ಗುಂಡು ಚೂರಾಗಿದ್ದರೆ, ಚರ್ಮ ಸವರಿಕೊಂಡು ಹೋಗಿದ್ದರೆ, ಹಳೆಯ ಗುಂಡು ಒಳಗೇ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ ಎಂಬುದನ್ನೂ ಹೇಳಿಕೊಡಿ.

ಪ್ರಶ್ನೆ: ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕಟ್ಟುವುದನ್ನು ಒಮ್ಮೆ ತೋರಿಸಿದರು, ನಾವು ನೋಡಿದೆವು. ನಿಜವಾದ ರೋಗಿ ಬಂದರೆ ಕೈ ಓಡೀತು ಎಂಬ ಧೈರ್ಯವಿಲ್ಲ. ಸರಿಯಾಗಿ ಕಲಿಯುವುದು ಹೇಗೆ?
– ತುರ್ತು ಚಿಕಿತ್ಸಾ ವಿಭಾಗದ ನರ್ಸ್

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೃತ್ತಿಯಿಂದ ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟರು. ಆ ಕೂಡಲೇ ಪರೀಕ್ಷಿಸಿದಾಗ ಸುಮಾರು 88% ಜನ ಸರಿಯಾಗಿ ಕಟ್ಟಿದರು. 3ರಿಂದ 9 ತಿಂಗಳ ನಂತರ ಮತ್ತೆ ಕರೆದಾಗ ಸರಿಯಾಗಿ ಕಟ್ಟಿದವರು 55% ಮಾತ್ರ. ಹಾಗಾಗಿ ಒಮ್ಮೆ ಕಲಿಸಿ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳಬಾರದು. ಮೂರು ತಿಂಗಳಿಗೊಮ್ಮೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಹತ್ತು ನಿಮಿಷ ಕಟ್ಟಿಸಿದರೂ ಕೈಗೆ ನೆನಪು ಉಳಿಯುತ್ತದೆ.

ಕ್ರಮ ಇಷ್ಟು. ಬಟ್ಟೆ ಕತ್ತರಿಸಿ ಗಾಯ ನೋಡಿ. ಗಾಯದಿಂದ 5–7 ಸೆಂ.ಮೀ. ಮೇಲೆ, ಅಂದರೆ ಹೃದಯದ ಕಡೆಗೆ, ಪಟ್ಟಿ ಸುತ್ತಿ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಬೇಡ. ಗಾಯದ ಜಾಗ ತಿಳಿಯದಿದ್ದರೆ ತೊಡೆ ಅಥವಾ ತೋಳಿನಲ್ಲಿ ಆದಷ್ಟು ಮೇಲೆ ಕಟ್ಟಿ. ಬಕಲ್‌ನಿಂದ ತೂರಿಸಿದ ಪಟ್ಟಿಯನ್ನು ಕೈಯಿಂದಲೇ ಎಷ್ಟು ಬಿಗಿಯಾದೀತೋ ಅಷ್ಟೂ ಎಳೆಯಿರಿ. ಅಡಿಯಲ್ಲಿ ಬೆರಳ ತುದಿಯೂ ನುಗ್ಗಬಾರದು. ಆಮೇಲೆ ಪಟ್ಟಿಗೆ ಸೇರಿಸಿರುವ ಕಡ್ಡಿ ತಿರುಗಿಸಿ. ರಕ್ತ ನಿಂತು, ಕಟ್ಟಿನ ಕೆಳಗಿನ ನಾಡಿಯೂ ಸಿಗದಾದಾಗ ಕಡ್ಡಿಯನ್ನು ಕೊಕ್ಕೆಗೆ ಸಿಕ್ಕಿಸಿ, ಸಮಯ ಬರೆಯಿರಿ.

ಹೆಚ್ಚಿನವರು ತಪ್ಪುವುದು ಕಡ್ಡಿ ತಿರುಗಿಸುವ ಮೊದಲೇ. ಪಟ್ಟಿ ಸಡಿಲವಿದ್ದರೆ ಕಡ್ಡಿಯನ್ನು ನಾಲ್ಕೈದು ಸುತ್ತು ತಿರುಗಿಸಿದರೂ ಅದು ಸಡಿಲವನ್ನಷ್ಟೇ ನುಂಗುತ್ತದೆ, ರಕ್ತನಾಳಕ್ಕೆ ಒತ್ತಡ ಬೀಳುವುದಿಲ್ಲ. ಮೂರು ಸುತ್ತಿಗಿಂತ ಹೆಚ್ಚು ಬೇಕಾಯಿತೆಂದರೆ ಬಿಚ್ಚಿ ಪಟ್ಟಿಯನ್ನು ಮೊದಲಿಂದ ಎಳೆಯುವುದೇ ಸರಿ. ಅರೆಬರೆ ಕಟ್ಟಿದ್ದು ಕಟ್ಟದ್ದಕ್ಕಿಂತ ಕೆಟ್ಟದ್ದಾಗಬಹುದು: ಅಪಧಮನಿ ಹರಿಯುತ್ತಲೇ ಇರುತ್ತದೆ, ಅಭಿಧಮನಿ ಮುಚ್ಚಿ ರಕ್ತಸ್ರಾವ ಹೆಚ್ಚುತ್ತದೆ. ಎರಡನೆಯ ತಪ್ಪು ಮರುಕ. ಸರಿಯಾಗಿ ಕಟ್ಟಿದ ಟೂರ್ನಿಕೆ ವಿಪರೀತ ನೋಯುತ್ತದೆ. ರೋಗಿ ಕೂಗಿದನೆಂದು ಸಡಿಲಿಸಬೇಡಿ, ನೋವಿಗೆ ಔಷಧ ಕೊಡಿ. ಆಗಾಗ ಬಿಚ್ಚಿ ಕಟ್ಟುವ ಹಳೆಯ ರೂಢಿಯನ್ನೂ ಬಿಡಬೇಕು. ರಕ್ತ ನಿಲ್ಲದಿದ್ದರೆ ಮೊದಲನೆಯದರ ಮೇಲುಭಾಗದಲ್ಲಿ ಇನ್ನೊಂದು ಕಟ್ಟಿ. 2 ಗಂಟೆಯೊಳಗೆ ಶಸ್ತ್ರಚಿಕಿತ್ಸೆಗೆ ಸೇರಿಸುವುದು ಗುರಿ. ಸಾಮಾನ್ಯ ಬೆಲ್ಟು, ಹಗ್ಗ, ತಂತಿ ಇದಕ್ಕೆ ಒದಗುವುದಿಲ್ಲ. ಪಟ್ಟಿ 3–4 ಸೆಂ.ಮೀ. ಅಗಲವಾದರೂ ಇರಬೇಕು, ತಿರುಗಿಸಲು ಗಟ್ಟಿ ಕಡ್ಡಿ ಬೇಕು.

ತೊಡೆಸಂದು, ಕಂಕುಳು, ಕತ್ತಿನ ಬುಡದಲ್ಲಿ ಟೂರ್ನಿಕೆ ನಿಲ್ಲದು. ಅಲ್ಲಿ ಗಾಯದೊಳಗೆ ಗಾಜ್ (ಗಾಯಕ್ಕೆ ಹಾಕುವ ತೆಳು ಬಟ್ಟೆ) ತುಂಬಬೇಕು. ಇದನ್ನು ಕಲಿಸಲು ದುಬಾರಿ ಮಾದರಿ ಬೇಕಿಲ್ಲ. 15 ಸೆಂ.ಮೀ. ದಪ್ಪದ ಫೋಮ್ ತುಂಡಿನಲ್ಲಿ ಎರಡು ಬೆರಳು ಹಿಡಿಸುವಷ್ಟು ಓರೆ ತೂತು ಕೊರೆದು, ಅದರ ತಳಕ್ಕೆ ಡ್ರಿಪ್ ನಳಿಕೆ ಸೇರಿಸಿ, ಕೆಂಪು ಬಣ್ಣದ ನೀರಿನ ಚೀಲಕ್ಕೆ ಪ್ರೆಶರ್ ಬ್ಯಾಗ್ ಸುತ್ತಿ. ಕಲಿಯುವವರು ಬೆರಳಿಳಿಸಿ ನೀರು ಚಿಮ್ಮುವ ಜಾಗ ಹುಡುಕಬೇಕು. ಆ ಬೆರಳು ತೆಗೆಯದೆಯೇ ಗಾಜ್ ಬಟ್ಟೆಯನ್ನು ಅಲ್ಲಿಗೇ ಒತ್ತುತ್ತಾ ಇಂಚಿಂಚಾಗಿ ತುಂಬಬೇಕು. ತೂತು ಭರ್ತಿಯಾದ ಮೇಲೆ ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಬೇಕು. ರಕ್ತ ಹೆಪ್ಪುಗಟ್ಟಿಸುವ ಗಾಜ್ ಆದರೆ 3 ನಿಮಿಷ, ಸಾದಾ ಗಾಜ್ ಆದರೆ ಸುಮಾರು 10 ನಿಮಿಷ. ನಿಂತಿದೆಯೇ ಎಂದು ನಡುನಡುವೆ ಎತ್ತಿ ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ, ಮೂರು ನಿಮಿಷ ಎಷ್ಟು ದೀರ್ಘ ಎಂಬುದು ಒತ್ತಿದವರಿಗೇ ಗೊತ್ತಾಗುವುದು.

ಎದೆ, ಹೊಟ್ಟೆಯೊಳಕ್ಕೆ ಗಾಜ್ ತುರುಕಬಾರದು. ಎದೆಯ ತೂತಿಗೆ ಗಾಳಿ ಹೊರಹೋಗುವ ಕವಾಟವಿರುವ ಸೀಲ್ ಹಾಕಿ. ಹಾಕಿದ ಮೇಲೆ ಉಸಿರಾಟ ಹದಗೆಟ್ಟರೆ ಅದರ ಅಂಚನ್ನು ಎತ್ತಿ ಗಾಳಿ ಬಿಡಿ. ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದಿದ್ದರೆ ಗಾಯವಾದ 3 ಗಂಟೆಯೊಳಗೆ: 1 ಗ್ರಾಂ 10 ನಿಮಿಷದಲ್ಲಿ, ಮತ್ತೊಂದು ಗ್ರಾಂ 8 ಗಂಟೆಗಳಲ್ಲಿ. ರೋಗಿಯ ಮೈ ತಣ್ಣಗಾಗಲು ಬಿಡಬೇಡಿ, ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಪ್ರಶ್ನೆ: ಜೀವ ಉಳಿಸುವ ಧಾವಂತದಲ್ಲಿ ಸಾಕ್ಷ್ಯ ಹಾಳಾಯಿತೆಂದು ಆಮೇಲೆ ಪೊಲೀಸರು ದೂರುತ್ತಾರೆ. ನಾವು ಏನನ್ನು ಕಾಪಾಡಬೇಕು?
– ತುರ್ತು ಚಿಕಿತ್ಸಾ ವೈದ್ಯ

ಉತ್ತರ: ಚಿಕಿತ್ಸೆಯೇ ಮೊದಲು, ಅದರಲ್ಲಿ ರಾಜಿ ಇಲ್ಲ. ಆದರೆ ಸಾಕ್ಷ್ಯ ಉಳಿಸುವ ಹೆಚ್ಚಿನ ಕೆಲಸಗಳಿಗೆ ಹೆಚ್ಚುವರಿ ಸಮಯವೇ ಬೇಡ. ಬಟ್ಟೆ ಕತ್ತರಿಸುವಾಗ ಗುಂಡಿನ ತೂತಿನ ಮೂಲಕ ಕತ್ತರಿ ಹಾಯಿಸಬೇಡಿ, ಪಕ್ಕದಿಂದ ಹೋಗಿ. ಪ್ರತಿ ಬಟ್ಟೆಯೂ ಬೇರೆ ಬೇರೆ ಕಾಗದದ ಚೀಲಕ್ಕೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಕೈಗಳ ಮೇಲೆ ಸಿಡಿಮದ್ದಿನ ಕಣಗಳಿರಬಹುದಾದ್ದರಿಂದ ತೊಳೆಯದೆ ಕಾಗದದ ಚೀಲ ಕಟ್ಟಿ. ಗಾಯ ಸ್ವಚ್ಛಗೊಳಿಸುವ ಮುನ್ನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೊ. ಎದೆಗೆ ನಳಿಕೆ ಹಾಕಬೇಕಾದರೆ ಬೇರೆ ಜಾಗದಲ್ಲಿ ಕೊಯ್ಯಿರಿ, ಗುಂಡಿನ ತೂತನ್ನೇ ಬಳಸಬೇಡಿ. ಹೊರತೆಗೆದ ಗುಂಡನ್ನು ಹಲ್ಲಿರುವ ಲೋಹದ ಚಿಮಟದಿಂದ ಹಿಡಿದರೆ ಬಂದೂಕಿನ ನಳಿಗೆ ಮೂಡಿಸಿದ ಗೀರುಗಳ ಮೇಲೆ ನಿಮ್ಮ ಗೀರು ಬೀಳುತ್ತದೆ. ಆ ಗುಂಡು ಯಾವ ಬಂದೂಕಿನದೆಂದು ಹೇಳುವುದು ಆ ಗೀರುಗಳೇ. ರಬ್ಬರ್ ತೊಡಿಸಿದ ಚಿಮಟ ಅಥವಾ ಗ್ಲೌಸ್ ಹಾಕಿದ ಬೆರಳು ಸಾಕು. ಗಾಜ್ ಹಾಸಿದ ಡಬ್ಬಿಯಲ್ಲಿಟ್ಟು ಮುದ್ರೆ ಹಾಕಿ. ಯಾರ ದೇಹದ ಯಾವ ಭಾಗದಿಂದ, ಎಂದು, ಎಷ್ಟು ಹೊತ್ತಿಗೆ, ಯಾರು ತೆಗೆದರು, ಯಾರಿಗೆ ಕೊಟ್ಟರು ಎಂದು ಬರೆದು ಸಹಿ ಮಾಡಿ.

ದಾಖಲೆಯಲ್ಲಿ ‘ಒಳಹೊಕ್ಕ ಗಾಯ’, ‘ಹೊರಬಿದ್ದ ಗಾಯ’ ಎಂದು ತೀರ್ಪು ಬರೆಯಬೇಡಿ. 1994ರ ಅಧ್ಯಯನವೊಂದರಲ್ಲಿ ಆಘಾತ ಚಿಕಿತ್ಸೆಯ ವೈದ್ಯರ ಟಿಪ್ಪಣಿಗಳನ್ನು ಶವಪರೀಕ್ಷೆಯ ಜತೆ ಹೋಲಿಸಿದಾಗ ಅರ್ಧಕ್ಕಿಂತ ತುಸು ಹೆಚ್ಚು ಪ್ರಕರಣಗಳಲ್ಲಿ ಗಾಯದ ದಿಕ್ಕನ್ನೋ ಸಂಖ್ಯೆಯನ್ನೋ ತಪ್ಪಾಗಿ ಬರೆದಿದ್ದು ಕಂಡುಬಂತು. ಜಾಗ, ಅಳತೆ, ಆಕಾರ, ಸುತ್ತಲಿನ ಮಸಿ ಅಥವಾ ಚುಕ್ಕೆಗಳು – ಕಂಡದ್ದನ್ನು ಕಂಡಂತೆ ಬರೆದರೆ ಸಾಕು.

ರೋಗಿಯ ಬಟ್ಟೆಯಲ್ಲಿ ಬಂದೂಕೇ ಸಿಕ್ಕರೆ? ಗುಂಡು ತೆಗೆದಿಡುವ ಸಾಹಸ ಮಾಡಬೇಡಿ. ನಳಿಗೆ ಎತ್ತ ತಿರುಗಿದೆಯೋ ಆ ಕಡೆಯಿಂದ ಜನರನ್ನು ಸರಿಸಿ, ಭದ್ರತಾ ಸಿಬ್ಬಂದಿಯನ್ನೂ ಪೊಲೀಸರನ್ನೂ ಕರೆಯಿರಿ. ಎಂ.ಆರ್.ಐ. ಕೋಣೆಗೆ ಬಂದೂಕು ಹೋಗಲೇಕೂಡದು. ಆಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಳ್ಳುತ್ತದೆ, ಹಾಗೆ ಗುಂಡು ಹಾರಿದ ಘಟನೆಗಳು ನಡೆದಿವೆ.

ಪ್ರಶ್ನೆ: ಒಳಗುಳಿದ ಗುಂಡನ್ನೆಲ್ಲ ತೆಗೆಯಲೇಬೇಕೆ? ರೋಗಿಗಳು ಹಟ ಹಿಡಿಯುತ್ತಾರೆ.
– ಸ್ನಾತಕೋತ್ತರ ವಿದ್ಯಾರ್ಥಿನಿ

ಉತ್ತರ: ಬೇಡ. ಸ್ನಾಯುವಿನಲ್ಲಿ ಕೂತ ಗುಂಡನ್ನು ಹುಡುಕಿ ತೆಗೆಯುವ ಕೊಯ್ತವೇ ಹೆಚ್ಚು ಹಾನಿ ಮಾಡಬಹುದು. ಕೀಲಿನೊಳಗೆ, ಬೆನ್ನುಹುರಿಯ ದ್ರವದಲ್ಲಿ, ಕಣ್ಣುಗುಡ್ಡೆಯಲ್ಲಿ, ರಕ್ತನಾಳದೊಳಗೆ ಇದ್ದರೆ, ನರವನ್ನು ಒತ್ತುತ್ತಿದ್ದರೆ, ಸೋಂಕಾಗಿದ್ದರೆ ತೆಗೆಯಬೇಕು. ಕೀಲಿನ ದ್ರವ ಸೀಸವನ್ನು ಕರಗಿಸುತ್ತದೆ. ವರ್ಷಗಳ ನಂತರ ಹೊಟ್ಟೆನೋವು, ರಕ್ತಹೀನತೆ, ಸುಸ್ತು ಎಂದು ಬಂದವರ ಮೈಯಲ್ಲಿ ಹಳೆಯ ಗುಂಡಿದ್ದರೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ. ಹಾರುವಾಗಿನ ಬಿಸಿಗೆ ಗುಂಡು ಕ್ರಿಮಿರಹಿತವಾಗುತ್ತದೆ ಎಂಬ ನಂಬಿಕೆ ಸುಳ್ಳು. ಅದು ಬಟ್ಟೆಯ ಚೂರನ್ನೂ ಒಳಗೆಳೆದುಕೊಂಡು ಹೋಗುತ್ತದೆ.

ಪ್ರಶ್ನೆ: ಖಿನ್ನತೆಯ ರೋಗಿಯನ್ನು ‘ಮನೆಯಲ್ಲಿ ಬಂದೂಕಿದೆಯೇ’ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಕೇಳಿದರೆ ತಲೆಗೆ ವಿಚಾರ ಹಾಕಿದಂತಾಗದೇ? ವಿದ್ಯಾರ್ಥಿಗಳಿಗೆ ಇದನ್ನು ಹೇಗೆ ಕಲಿಸಲಿ?
– ಕುಟುಂಬ ವೈದ್ಯೆ

ಉತ್ತರ: ಕೇಳಿದ ಮಾತ್ರಕ್ಕೆ ಯಾರಿಗೂ ಆತ್ಮಹತ್ಯೆಯ ವಿಚಾರ ಹುಟ್ಟುವುದಿಲ್ಲ. ಬಹಳ ಮಂದಿಗೆ ಯಾರಾದರೂ ಕೇಳಿದರಲ್ಲ ಎಂಬ ನಿರಾಳವೇ ಆಗುತ್ತದೆ. ವಿದ್ಯಾರ್ಥಿಗಳಿಗೆ ಮೊದಲು ತಿಳಿಸಬೇಕಾದ್ದು ಈ ಪ್ರಶ್ನೆಯ ಹಿಂದಿನ ಕಾರಣ. ಅಮೆರಿಕದ ಹೂಸ್ಟನ್‌ನಲ್ಲಿ ಆತ್ಮಹತ್ಯೆಗೆ ಯತ್ನಿಸಿ ಸಾವಿನಂಚಿನಿಂದ ಬದುಕುಳಿದ, 13ರಿಂದ 34 ವರ್ಷದೊಳಗಿನ 153 ಮಂದಿಯನ್ನು ಕೇಳಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರು ನಿರ್ಧಾರಕ್ಕೂ ಪ್ರಯತ್ನಕ್ಕೂ ನಡುವೆ 5 ನಿಮಿಷವೂ ಇರಲಿಲ್ಲ ಎಂದರು. ಪ್ರಯತ್ನದಿಂದ ಬದುಕುಳಿದವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಕೆಲವು ನಿಮಿಷ ಕೈಗೆ ಬಂದೂಕು ಸಿಗದಿದ್ದರೆ ಒಂದು ಇಡೀ ಬದುಕು ಉಳಿಯಬಹುದು. ಇಸ್ರೇಲಿನ ಸೈನ್ಯ 2006ರಲ್ಲಿ ಯುವ ಸೈನಿಕರು ವಾರಾಂತ್ಯದ ರಜೆಗೆ ಬಂದೂಕು ಮನೆಗೊಯ್ಯುವುದನ್ನು ಮಿತಿಗೊಳಿಸಿತು. ಅವರ ಆತ್ಮಹತ್ಯೆಯ ಪ್ರಮಾಣ ಸುಮಾರು 40% ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದಲ್ಲಿ, ವಾರದ ದಿನಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಇನ್ನು ಮಾತಿನ ಅಭ್ಯಾಸ. ಮೂವರ ಗುಂಪು ಮಾಡಿ: ಒಬ್ಬರು ವೈದ್ಯ, ಒಬ್ಬರು ರೋಗಿ, ಮತ್ತೊಬ್ಬರು ಗಮನಿಸಿ ಬರೆದುಕೊಳ್ಳುವವರು. ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲಿಸಿ. ‘ನಿಮ್ಮ ಮನೆಯಲ್ಲಿ ಬಂದೂಕು ಗಿಂದೂಕು ಏನೂ ಇಲ್ಲ ತಾನೇ?’ – ಬಹುತೇಕ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುವುದು ಇಂಥ ಪ್ರಶ್ನೆ. ‘ಇಲ್ಲ’ ಎಂಬ ಉತ್ತರವನ್ನು ಕೇಳುವವರೇ ಕೊಟ್ಟುಬಿಟ್ಟರು. ಅದರ ಬದಲು ಹೀಗೆ ಹೇಳಿ ನೋಡಲಿ: ‘ಮನಸ್ಸು ಇಷ್ಟು ಕುಗ್ಗಿದಾಗ ಜೀವಕ್ಕೆ ಕುತ್ತು ತರುವ ವಸ್ತು ಕೈಗೆ ಸಿಗದ ಹಾಗಿರುವುದು ಒಳ್ಳೆಯದು. ಅದಕ್ಕೇ ಇಂಥ ಹೊತ್ತಿನಲ್ಲಿ ಎಲ್ಲರನ್ನೂ ಕೇಳುತ್ತೇನೆ. ಮನೆಯಲ್ಲಾಗಲಿ, ನೀವು ಹೋಗಿಬರುವ ಇನ್ನೆಲ್ಲಾದರೂ ಆಗಲಿ, ಬಂದೂಕು ಇದ್ದರೆ ಅದನ್ನು ಹೇಗೆ ಇಟ್ಟಿದ್ದೀರಿ, ಹೇಳ್ತೀರಾ?’ ಇಲ್ಲಿ ಆಪಾದನೆ ಇಲ್ಲ. ‘ಇದೆಯೇ’ ಎಂಬುದಕ್ಕಿಂತ ‘ಹೇಗೆ ಇಟ್ಟಿದ್ದೀರಿ’ ಎಂಬುದು ಮಾತನ್ನು ಮುಂದಕ್ಕೆ ಒಯ್ಯುತ್ತದೆ.

ಇದೆ ಎಂದರೆ ನಿಮ್ಮ ಅಭಿಪ್ರಾಯ ಹೇಳಲು ಹೋಗಬೇಡಿ. ಸ್ವಲ್ಪ ಕಾಲ, ಮನಸ್ಸು ತಹಬಂದಿಗೆ ಬರುವವರೆಗೆ, ಅದನ್ನು ಮನೆಯಿಂದ ಹೊರಗಿಡುವ ದಾರಿ ಇದೆಯೇ ಎಂದು ಅವರನ್ನೇ ಕೇಳಿ. ತಾತ್ಕಾಲಿಕ ಎಂಬುದನ್ನು ಒತ್ತಿ ಹೇಳಿ, ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೇ ಎಷ್ಟೋ ಮಂದಿ ಮುಚ್ಚಿಡುವುದು. ಹೊರಗಿಡಲು ಆಗದಿದ್ದರೆ ಗುಂಡು ತೆಗೆದು ಬೀಗ ಹಾಕಿ, ಕೀಲಿಯನ್ನೋ ಬೀಗದ ಅಂಕಿಯನ್ನೋ ರೋಗಿಗೆ ಗೊತ್ತಾಗದಂತೆ ಬೇರೊಬ್ಬರು ಇಟ್ಟುಕೊಳ್ಳಬೇಕು. ರೋಗಿಯ ಒಪ್ಪಿಗೆ ಪಡೆದು ಹೆಂಡತಿ, ಗಂಡ, ಅಣ್ಣ, ಅಕ್ಕ ಯಾರಾದರೂ ಸರಿ, ಒಬ್ಬರನ್ನು ಮಾತಿಗೆ ಸೇರಿಸಿಕೊಳ್ಳಿ. ಯಾರು, ಎಲ್ಲಿಗೆ, ಯಾವತ್ತು ಎಂಬ ಮೂರೂ ತೀರ್ಮಾನವಾಗದೆ ಅವರು ಎದ್ದುಹೋಗಬಾರದು. ಮರುದಿನ ಫೋನ್ ಮಾಡಿ ಕೇಳುವುದನ್ನೂ ದಾಖಲೆಯಲ್ಲಿ ಬರೆಯಿರಿ. ಅಪಾಯ ಆ ಕ್ಷಣದ್ದೇ ಎನಿಸಿದರೆ ಒಬ್ಬರನ್ನೇ ಬಿಡಬೇಡಿ, ಮನೋವೈದ್ಯರ ಬಳಿ ಕಳಿಸುವವರೆಗೆ ಜತೆಗಿರಿ.

ಪಾಠಕ್ಕೆ ಮುನ್ನ ಬೋಧಕರು ಮಾಡಿಕೊಳ್ಳಲೇಬೇಕಾದ ತಯಾರಿ ಒಂದಿದೆ. ಒಬ್ಬರ ಬಂದೂಕನ್ನು ಇನ್ನೊಬ್ಬರು ಕೆಲವು ದಿನ ಇಟ್ಟುಕೊಳ್ಳುವುದಕ್ಕೆ ಪ್ರತಿ ದೇಶದಲ್ಲೂ ಬೇರೆ ಬೇರೆ ಕಾನೂನಿದೆ. ಎಷ್ಟೋ ಕಡೆ ಪರವಾನಗಿ ಇಲ್ಲದ ನೆಂಟರು ಇಟ್ಟುಕೊಂಡರೆ ಅದೇ ಅಪರಾಧ. ಪೊಲೀಸ್ ಠಾಣೆಯೋ ಪರವಾನಗಿ ಪಡೆದ ಮಾರಾಟಗಾರರೋ ಇಟ್ಟುಕೊಳ್ಳುತ್ತಾರೆಯೇ ಎಂದು ಮೊದಲೇ ವಿಚಾರಿಸಿ, ಉತ್ತರವನ್ನು ಒಂದು ಪುಟದಲ್ಲಿ ಬರೆದು ಹಂಚಿ. ಇಲ್ಲದಿದ್ದರೆ ನಿಮ್ಮ ಸಲಹೆ ನಂಬಿದ ಕುಟುಂಬ ಹೊಸ ತೊಂದರೆಗೆ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಬಂದೂಕು ಕಂಡರೆ ಮುಟ್ಟಬೇಡ ಎಂದು ಮಕ್ಕಳಿಗೇ ಕಲಿಸಿದರೆ ಸಾಲದೇ? ತಂದೆತಾಯಿಗೆ ನಾನು ಇನ್ನೇನು ಹೇಳಲಿ?
– ಮಕ್ಕಳ ವೈದ್ಯ

ಉತ್ತರ: ಸಾಲದು. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 8ರಿಂದ 12 ವರ್ಷದ ಹುಡುಗರ 29 ಗುಂಪುಗಳನ್ನು ಒಂದು ಕೋಣೆಯಲ್ಲಿ ಆಡಲು ಬಿಟ್ಟು, ಡ್ರಾಯರ್‌ನಲ್ಲಿ ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲು ಇಟ್ಟಿದ್ದರು. 21 ಗುಂಪುಗಳ ಕಣ್ಣಿಗೆ ಅದು ಬಿತ್ತು. ಅವುಗಳಲ್ಲಿ 16 ಗುಂಪು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಟ್ರಿಗರ್ ಎಳೆದೂ ಆಯಿತು. ಹಾಗೆ ಮಾಡಿದ ಹುಡುಗರಲ್ಲಿ ಹೆಚ್ಚಿನವರಿಗೆ ಬಂದೂಕಿನ ಸುರಕ್ಷತೆಯ ಪಾಠ ಮೊದಲೇ ಆಗಿತ್ತು. ಮಕ್ಕಳಿಗೆ ಹೇಳಿ, ಬೇಡ ಎನ್ನುವುದಿಲ್ಲ. ಆದರೆ ಹೊಣೆಯನ್ನು ಹತ್ತು ವರ್ಷದ ಹುಡುಗನ ಹೆಗಲಿಗೆ ಹಾಕಬೇಡಿ.

2005ರ ಅಧ್ಯಯನವೊಂದು ನಾಲ್ಕು ಅಭ್ಯಾಸಗಳನ್ನು ನೋಡಿತು: ಗುಂಡು ತೆಗೆದಿಡುವುದು, ಬಂದೂಕಿಗೆ ಬೀಗ, ತೋಟಾಗಳಿಗೆ ಬೇರೆ ಬೀಗ, ಎರಡನ್ನೂ ಬೇರೆ ಬೇರೆ ಜಾಗದಲ್ಲಿಡುವುದು. ಮಕ್ಕಳ ಮತ್ತು ಹದಿಹರೆಯದವರ ಆತ್ಮಹತ್ಯೆ ಹಾಗೂ ಆಕಸ್ಮಿಕ ಗುಂಡೇಟು ಈ ಅಭ್ಯಾಸಗಳಿದ್ದ ಮನೆಗಳಲ್ಲಿ ಕಡಿಮೆ ಇತ್ತು. ತರಗತಿಗೆ ನಿಜವಾದ ಬೀಗಗಳನ್ನು ತಂದು ತೋರಿಸಿ. ಕೇಬಲ್ ಬೀಗದ ತಂತಿ ಗುಂಡು ಕೂರುವ ಜಾಗದ ಮೂಲಕ ಹಾಯುವುದರಿಂದ ಅದು ಹಾಕಿರುವಷ್ಟು ಹೊತ್ತು ಗುಂಡು ತುಂಬಲಾಗದು. ಆದರೆ ಗಟ್ಟಿ ಕತ್ತರಿಗೆ ಅದು ತುಂಡಾಗುತ್ತದೆ. ಟ್ರಿಗರ್ ಬೀಗವನ್ನು ಗುಂಡು ತುಂಬಿದ ಬಂದೂಕಿಗೆ ಹಾಕಲೇಬಾರದು, ಹಾಕುವಾಗಲೇ ಟ್ರಿಗರ್ ಒತ್ತಿಹೋಗಬಹುದು. ಉಕ್ಕಿನ ಪೆಟ್ಟಿಗೆ ಒಳ್ಳೆಯದು, ಕೀಲಿ ಅದರ ಮೇಲೇ ನೇತಾಡದಿದ್ದರೆ. ‘ನಮ್ಮ ಮಗುವಿಗೆ ಅದಿರುವ ಜಾಗ ಗೊತ್ತಿಲ್ಲ’ ಎನ್ನುವ ಅಪ್ಪ ಅಮ್ಮಂದಿರ ಮಾತನ್ನು 2006ರ ಅಧ್ಯಯನದಲ್ಲಿ 39% ಪ್ರಕರಣಗಳಲ್ಲಿ ಮಕ್ಕಳೇ ಅಲ್ಲಗಳೆದರು. ಆಟಕ್ಕೆ ಹೋಗುವ ಬೇರೆ ಮನೆಗಳ ಬಗ್ಗೆಯೂ ವಿಚಾರಿಸಲು ಹೇಳಿ. ಏರ್‌ಗನ್ ಆಟಿಕೆಯಲ್ಲ, ಅದರ ಚರೆ ಕಣ್ಣು ಕಳೆಯುತ್ತದೆ, ಮಗುವಿನ ತಲೆಬುರುಡೆಯನ್ನೂ ಭೇದಿಸಬಲ್ಲದು.

ಪ್ರಶ್ನೆ: ಇದೆಲ್ಲ ಪೊಲೀಸರ, ಸರ್ಕಾರದ ಕೆಲಸ. ವೈದ್ಯರಿಗೇಕೆ ಈ ಉಸಾಬರಿ? ಕಲಿಸಿದರೂ ಫಲ ಸಿಕ್ಕಿದೆಯೆಂದು ತಿಳಿಯುವುದು ಹೇಗೆ?
– ವೈದ್ಯಕೀಯ ಶಿಕ್ಷಣ ವಿಭಾಗದ ಸದಸ್ಯರು

ಉತ್ತರ: ಮೊದಲ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಗಿದೆ. ಬಂದೂಕಿನ ಬಗ್ಗೆ ವೈದ್ಯರು ರೋಗಿಗಳನ್ನು ಕೇಳುವುದನ್ನೂ ಬರೆದಿಡುವುದನ್ನೂ ನಿರ್ಬಂಧಿಸುವ ಕಾಯ್ದೆಯನ್ನು ಫ್ಲಾರಿಡಾ ರಾಜ್ಯ 2011ರಲ್ಲಿ ತಂದಿತು. 2017ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ನಿರ್ಬಂಧಗಳನ್ನು ವಾಕ್ ಸ್ವಾತಂತ್ರ್ಯದ ಆಧಾರದಲ್ಲಿ ರದ್ದುಮಾಡಿತು. ಬಂದೂಕು ನಿಯಂತ್ರಣದ ಪರ ವಾದಕ್ಕೆ ಹಣ ಬಳಸಬಾರದೆಂಬ 1996ರ ತಿದ್ದುಪಡಿಯ ನಂತರ ಅಲ್ಲಿ ಈ ವಿಷಯದ ಸರ್ಕಾರಿ ಸಂಶೋಧನೆಯೇ ಬಹುತೇಕ ನಿಂತುಹೋಗಿತ್ತು. 2019ರ ಕೊನೆಯಲ್ಲಿ 2.5 ಕೋಟಿ ಡಾಲರ್ ಮಂಜೂರಾದ ಮೇಲೆ ಮತ್ತೆ ಚಿಗುರಿತು. ಕಲಿಸಲು ಸಾಮಗ್ರಿ ಕಡಿಮೆ ಇರುವುದಕ್ಕೆ ಈ ಎರಡು ದಶಕದ ಬರವೂ ಒಂದು ಕಾರಣ. ಸೀಟ್ ಬೆಲ್ಟ್, ತಂಬಾಕು, ಕೀಟನಾಶಕದ ಬಗ್ಗೆ ವೈದ್ಯರು ಕೇಳುತ್ತಾರೆ, ಯಾರೂ ಉಸಾಬರಿ ಎನ್ನುವುದಿಲ್ಲ. ಇದೂ ಅದೇ ಸಾಲಿನದು.

ಎರಡನೆಯದಕ್ಕೆ: ‘ಈಗ ಆತ್ಮವಿಶ್ವಾಸ ಹೆಚ್ಚಿದೆಯೇ’ ಎಂದು ತರಗತಿಯ ಕೊನೆಗೆ ಹಂಚುವ ನಮೂನೆಯನ್ನು ನಂಬಬೇಡಿ. ಅದರಲ್ಲಿ ಎಲ್ಲರೂ ಹೌದು ಎನ್ನುತ್ತಾರೆ. ಮೂರು ತಿಂಗಳ ನಂತರ ಮುನ್ಸೂಚನೆ ಕೊಡದೆ ಟೂರ್ನಿಕೆ ಕಟ್ಟಿಸಿ, ನಾಡಿ ನಿಂತಿದೆಯೇ ಎಂದು ಡಾಪ್ಲರ್ (ರಕ್ತದ ಹರಿವನ್ನು ಗುರುತಿಸುವ ಸಾಧನ) ಇಟ್ಟು ನೋಡಿ. ಆತ್ಮಹತ್ಯೆಯ ವಿಚಾರ ಹೇಳಿಕೊಂಡ ರೋಗಿಗಳ 50 ಕಡತಗಳನ್ನು ತೆಗೆದು, ಎಷ್ಟರಲ್ಲಿ ಅಪಾಯಕಾರಿ ವಸ್ತುಗಳ ಬಗ್ಗೆ ಕೇಳಿದ ಟಿಪ್ಪಣಿ ಇದೆ, ಎಷ್ಟರಲ್ಲಿ ಮರುದಿನದ ಫೋನ್ ಕರೆಯ ದಾಖಲೆ ಇದೆ ಎಂದು ಎಣಿಸಿ. ತರಬೇತಿಗೆ ಮುಂಚಿನ 50 ಕಡತಗಳನ್ನೂ ಹೀಗೇ ಎಣಿಸಿಟ್ಟುಕೊಂಡಿರಬೇಕು, ಆದ್ದರಿಂದ ಆ ಕೆಲಸವನ್ನು ಮೊದಲ ತರಗತಿಯ ಹಿಂದಿನ ವಾರವೇ ಮುಗಿಸಿ.